ಕಷ್ಟದ ದಿನಗಳಲ್ಲಿ ಹಿತ್ತಲಿನ ಜೀವಿಗಳ ಚಿತ್ರ ತೆಗೆಯುವುದು ಹೇಗೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ, ಹತ್ತಿರದವರನ್ನು ಕಳೆದುಕೊಂಡಾಗ, ಕೆಲಸ ಹೋಗಿ ಹೊರಗೆ ಮುಖ ತೋರಿಸುವುದೇ ಬೇಡವೆನಿಸಿದಾಗ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕಾಡು ಮೇಡು ಸುತ್ತುವ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಹಿತ್ತಲಿನ ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿರುತ್ತದೆ. ನನ್ನ ತಂದೆಯವರು ಮಲಗಿದಲ್ಲೇ ಕಳೆದ ಹನ್ನೊಂದು ತಿಂಗಳುಗಳಲ್ಲಿ ನನಗೆ ನನ್ನದೆಂದು ಸಿಗುತ್ತಿದ್ದದ್ದು, ಅವರು ರಾತ್ರಿಯೆಲ್ಲ ನರಳಿ ಬೆಳಗಿನ ಹೊತ್ತಿಗೆ ನಿದ್ದೆಗೆ ಜಾರಿದ ಮೇಲಿನ ಹದಿನೈದು ನಿಮಿಷ ಮಾತ್ರ. ಆ ಹದಿನೈದು ನಿಮಿಷಗಳನ್ನು ಹಿತ್ತಲಿನಲ್ಲಿ ಕಳೆಯುತ್ತ ಕಲಿತದ್ದನ್ನು, ಈಗ ಅಂಥದ್ದೇ ದಿನಗಳಲ್ಲಿ ಇರುವವರಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯವನ್ನು ಹೇಳಿಬಿಡಬೇಕು, ಏಕೆಂದರೆ ಉಳಿದ ಸಲಹೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಮನಸ್ಸು ದಣಿದಿರುವಾಗ ಮನುಷ್ಯನಿಗೆ ಎಲ್ಲಕ್ಕಿಂತ ಭಾರವಾಗುವುದು ತೀರ್ಮಾನ ತೆಗೆದುಕೊಳ್ಳುವ ಕೆಲಸ. ಯಾವ ಲೆನ್ಸ್ ಹಾಕಲಿ, ಎಲ್ಲಿ ಕೂರಲಿ, ಶಟರ್ ವೇಗ (ಚಿತ್ರಕ್ಕಾಗಿ ಕ್ಯಾಮೆರಾ ಬೆಳಕಿಗೆ ತೆರೆದುಕೊಳ್ಳುವ ಹೊತ್ತು) ಎಷ್ಟಿರಲಿ ಎಂಬ ಮೂರು ಪ್ರಶ್ನೆಗಳು ಎದುರಾದರೂ ಸಾಕು, ಕ್ಯಾಮೆರಾ ಕಪಾಟಿನಲ್ಲೇ ಉಳಿಯುತ್ತದೆ. ಆದ್ದರಿಂದ ತುಸು ಚೈತನ್ಯವಿರುವ ಒಂದು ದಿನ ಎಲ್ಲವನ್ನೂ ತೀರ್ಮಾನಿಸಿ ಮುಗಿಸಬೇಕು. ಕುಗ್ಗಿದ ದಿನಕ್ಕೆ ಕುಳಿತು ಗುಂಡಿ ಒತ್ತುವುದಷ್ಟೇ ಉಳಿಯಬೇಕು. ಹೀಗೆ ಮಾಡಿಕೊಂಡಿದ್ದರಿಂದಲೇ ನಾನು ಹನ್ನೊಂದು ತಿಂಗಳು ಮುಂದುವರಿಯಲು ಸಾಧ್ಯವಾಯಿತು ಎಂದು ಈಗಲೂ ನಂಬಿದ್ದೇನೆ.

ಆ ಚೈತನ್ಯದ ದಿನದ ಮೊದಲ ಕೆಲಸ ಜಾಗವೊಂದನ್ನು ಆರಿಸುವುದು. ಇಡೀ ಹಿತ್ತಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಂದು ಪೊದೆ, ಒಂದು ಗೋಡೆಯ ಮೂಲೆ, ನೀರಿನ ನಲ್ಲಿಯ ಕೆಳಗಿನ ತೇವದ ನೆಲ, ಹೀಗೆ ಎರಡು ಮೀಟರ್ ಉದ್ದಗಲದ ಒಂದು ತುಂಡು ಸಾಕು. ಹಿತ್ತಲೇ ಇಲ್ಲದವರಿಗೆ ಬಾಲ್ಕನಿಯ ಕುಂಡಗಳೂ ಆಗುತ್ತವೆ. ಆರಿಸುವಾಗ ಎರಡು ಸಂಗತಿಗಳನ್ನು ಮಾತ್ರ ನೋಡಿ: ನೀವು ಕೂರುವ ಹೊತ್ತಿನಲ್ಲಿ ಬೆಳಕು ನಿಮ್ಮ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬರುವಂತಿರಬೇಕು, ಜೀವಿ ಬಂದು ಕೂರುವ ಕೊಂಬೆಗೂ ಅದರ ಹಿಂದಿನ ಗೋಡೆಗೋ ಎಲೆಗಳಿಗೋ ಸಾಧ್ಯವಾದರೆ ಎರಡು ಮೂರು ಮೀಟರ್ ಅಂತರವಿರಬೇಕು. ಹಿನ್ನೆಲೆ ದೂರವಾದಷ್ಟೂ ಅದು ಮಸುಕಾಗಿ ಕರಗುತ್ತದೆ, ಬಟ್ಟೆ ಒಣಹಾಕುವ ತಂತಿಯಾಗಲಿ ಹಳೆಯ ಬಕೆಟ್ಟಾಗಲಿ ಚಿತ್ರವನ್ನು ಕೆಡಿಸುವುದಿಲ್ಲ. ಅಲ್ಲಿ ಒಂದು ಕುರ್ಚಿ ಇಟ್ಟುಬಿಡಿ, ಮತ್ತೆ ತೆಗೆಯಬೇಡಿ. ಕೆಲವು ದಿನಗಳಲ್ಲಿ ಗುಬ್ಬಚ್ಚಿಗಳಿಗೂ ಅಳಿಲುಗಳಿಗೂ ಕುರ್ಚಿ ರೂಢಿಯಾಗುತ್ತದೆ, ಆಮೇಲೆ ಅದರ ಮೇಲೆ ಅಲುಗದೆ ಕುಳಿತ ಮನುಷ್ಯನೂ ರೂಢಿಯಾಗುತ್ತಾನೆ.

ಇಷ್ಟು ಸಣ್ಣ ಜಾಗದಲ್ಲಿ ನೋಡಲು ಏನಿದ್ದೀತು ಎಂಬ ಅನುಮಾನ ಸಹಜ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನಿಫರ್ ಓವನ್ ಎಂಬ ಜೀವವಿಜ್ಞಾನಿ ತಮ್ಮ ಮನೆಯ ತೋಟವೊಂದನ್ನೇ 1972ರಿಂದ ಮೂವತ್ತು ವರ್ಷ ಗಮನಿಸಿ, ಸಸ್ಯಗಳೂ ಸೇರಿ 2,673 ಜೀವಪ್ರಭೇದಗಳನ್ನು ದಾಖಲಿಸಿದರು. ಅವುಗಳಲ್ಲಿ ಕೀಟಗಳೇ ಎರಡು ಸಾವಿರದ ಹತ್ತಿರ ಇದ್ದವು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಬಂದ ಮೇಲೂ ಅವರ ದಾಖಲೆ ನಿಲ್ಲಲಿಲ್ಲ. ಕಿಟಕಿಯಾಚೆಗೆ ಏನು ಕಾಣುತ್ತದೆ ಎಂಬುದೂ ಸಣ್ಣ ಸಂಗತಿಯಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಅವರು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಅದೊಂದು ಚಿಕ್ಕ ಅಧ್ಯಯನ, ಅದರಿಂದ ದೊಡ್ಡ ಭರವಸೆಗಳನ್ನು ಕಟ್ಟಿಕೊಳ್ಳಬಾರದು. ಆದರೂ ತಂದೆಯವರ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಲು ನನಗೆ ಅಷ್ಟು ಸಾಕಾಯಿತು.

ಉಪಕರಣದ ವಿಚಾರಕ್ಕೆ ಬಂದರೆ, ಇಂಥ ಸಮಯದಲ್ಲಿ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಕೈಯಲ್ಲಿರುವ ಮೊಬೈಲಿನಿಂದಲೇ ಜೇಡ, ಇರುವೆ, ಚಿಟ್ಟೆ, ಬಸವನಹುಳು, ಕಪ್ಪೆಗಳನ್ನು ಚೆನ್ನಾಗಿ ತೆಗೆಯಬಹುದು. ಹಕ್ಕಿಗಳಿಗೆ ಮಾತ್ರ ದೂರದ ಲೆನ್ಸ್ ಬೇಕು. ಸಾಮಾನ್ಯ ಎಪಿಎಸ್-ಸಿ ಸೆನ್ಸರಿನ (ಬೆಳಕು ಹಿಡಿಯುವ ಫಲಕ ತುಸು ಚಿಕ್ಕದಾಗಿರುವ) ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್, ದೊಡ್ಡ ಫುಲ್‌ಫ್ರೇಮ್ ಸೆನ್ಸರಿನ ಕ್ಯಾಮೆರಾದಲ್ಲಿನ ಸುಮಾರು 450 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ಕೊಡುವುದರಿಂದ ಹಿತ್ತಲಿಗೆ ಅದು ಧಾರಾಳ. ದುರ್ಬೀನಿನ ಒಂದು ಕಣ್ಣಿಗೆ ಮೊಬೈಲಿನ ಲೆನ್ಸನ್ನು ನೇರವಾಗಿ ಹಿಡಿದು ತೆಗೆಯುವ ಉಪಾಯವೂ ಇದೆ. ಕೈ ಕೂರಲು ಎರಡು ಮೂರು ದಿನ ಬೇಕಾಗುತ್ತದೆಯಾದರೂ ಕೂತ ಹಕ್ಕಿಗೆ ಅದು ಸಾಲುತ್ತದೆ.

ಕ್ಯಾಮೆರಾ ಇರುವವರು ಸೆಟ್ಟಿಂಗ್‌ಗಳನ್ನು ಒಮ್ಮೆ ಹೊಂದಿಸಿ, ಮೇಲಿನ ಚಕ್ರದಲ್ಲಿ ಸಿ1 ಅಥವಾ ಯು1 ಎಂದು ಗುರುತಿರುವ ಸ್ಥಾನದಲ್ಲಿ ಉಳಿಸಿಟ್ಟುಕೊಳ್ಳಿ. ನನ್ನದು ಹೀಗಿತ್ತು: ಶಟರ್ ವೇಗ 1/1000 ಸೆಕೆಂಡು, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಲೆನ್ಸ್ ಕೊಡುವಷ್ಟು ಅಗಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸ್ವಯಂಚಾಲಿತ ಆದರೆ 3200ರ ಮಿತಿಯೊಳಗೆ, ಫೋಕಸ್ ಒಂದೇ ಚುಕ್ಕಿಯಲ್ಲಿ ಮತ್ತು ಚಲಿಸುವ ವಸ್ತುವನ್ನು ಹಿಂಬಾಲಿಸುವ ಕ್ರಮದಲ್ಲಿ, ಗುಂಡಿ ಒತ್ತಿದಷ್ಟು ಹೊತ್ತೂ ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಮೋಡ್. ಗುಬ್ಬಚ್ಚಿ ಸುಮ್ಮನೆ ಕುಳಿತಂತೆ ಕಂಡರೂ ಅದರ ಕತ್ತು ಕ್ಷಣಕ್ಷಣಕ್ಕೂ ಹೊರಳುತ್ತದೆ, ಆದ್ದರಿಂದಲೇ ಅಷ್ಟು ವೇಗ ಬೇಕು. ಲೆನ್ಸಿನ ಕಂಪನ ನಿರೋಧಕವು ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಬೆಳಕು ಕಡಿಮೆಯಾದ ದಿನ 1/500ಕ್ಕೆ ಇಳಿದರೂ ನಡೆಯುತ್ತದೆ. ಚಿತ್ರದಲ್ಲಿ ಕಾಳುಕಾಳಾದ ಮಚ್ಚೆಗಳು ಕಂಡರೆ ಚಿಂತಿಸಬೇಡಿ, ಅಲುಗಿ ಕದಡಿದ ಚಿತ್ರಕ್ಕಿಂತ ಕಾಳುಕಾಳಾದ ಚಿತ್ರವೇ ಮೇಲು. ಬ್ಯಾಟರಿ ತುಂಬಿಸಿ, ಮೆಮೊರಿ ಕಾರ್ಡ್ ಒಳಗಿಟ್ಟು, ಲೆನ್ಸಿನ ಮುಚ್ಚಳ ತೆಗೆದು ಕ್ಯಾಮೆರಾವನ್ನು ಹಿತ್ತಲ ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿಡಿ. ಚೀಲದೊಳಗಿರುವ ಕ್ಯಾಮೆರಾ ಕುಗ್ಗಿದ ದಿನ ಹೊರಗೆ ಬರುವುದಿಲ್ಲ.

ಅದೇ ದಿನ ಮಾಡಿ ಮುಗಿಸಬೇಕಾದ ಇನ್ನೊಂದು ಕೆಲಸ ನೀರಿನದು. ಕಾಳು ಹಾಕುವುದಕ್ಕಿಂತ ನೀರಿಡುವುದು ಒಳ್ಳೆಯದೆಂದು ನನಗೆ ಅನಿಸಿದೆ, ಏಕೆಂದರೆ ಕಾಳು ತಿನ್ನದ ಹಕ್ಕಿಗಳೂ ನೀರಿಗೆ ಬರುತ್ತವೆ, ಅಳಿಲು, ಜೇನುನೊಣ, ಕಣಜಗಳೂ ಬರುತ್ತವೆ. ಅಗಲವಾದ, ಒರಟು ತಳದ ಮಣ್ಣಿನ ತಟ್ಟೆಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ನೀರು ತುಂಬಿ, ಕೀಟಗಳು ಮುಳುಗದೆ ಹತ್ತಿ ಕೂರಲು ನಡುವೆ ಒಂದೆರಡು ಕಲ್ಲುಗಳನ್ನಿಡಿ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಚ್ಚನೆಯ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದರೆ ಆ ತೊಂದರೆಯೂ ಇಲ್ಲ, ಹಕ್ಕಿಗಳ ನಡುವೆ ರೋಗ ಹರಡುವ ಭಯವೂ ಕಡಿಮೆ. ಬೆಕ್ಕು ಹೊಂಚು ಹಾಕಲು ಆಗದಂತೆ ತಟ್ಟೆ ಪೊದೆಗಳಿಂದ ತುಸು ದೂರವಿರಲಿ. ತಟ್ಟೆಯ ಪಕ್ಕದಲ್ಲಿ, ಮೊಣಕಾಲೆತ್ತರಕ್ಕೆ, ಒಂದು ಒಣ ಕೊಂಬೆಯನ್ನು ನೆಡಿ. ಹಕ್ಕಿಗಳು ನೀರಿಗೆ ನೇರವಾಗಿ ಇಳಿಯುವುದು ಅಪರೂಪ. ಮೊದಲು ಹತ್ತಿರದಲ್ಲೊಂದು ಕಡೆ ಕುಳಿತು ಸುತ್ತ ನೋಡುತ್ತವೆ. ಆ ನೋಡುವ ಗಳಿಗೆಯೇ ನಿಮ್ಮ ಚಿತ್ರ. ಕೊಂಬೆಗೆ ಮೊದಲೇ ಫೋಕಸ್ ಹಿಡಿದಿಟ್ಟುಕೊಂಡರೆ ಹುಡುಕಾಟವೂ ಇರುವುದಿಲ್ಲ.

ಹೊರಗೆ ಕಾಲಿಡಲೂ ಆಗದ ದಿನಗಳು ಇರುತ್ತವೆ. ಅಂಥ ದಿನ ಕಿಟಕಿಯ ಒಳಗಿನಿಂದಲೇ ತೆಗೆಯಿರಿ. ಗಾಜನ್ನು ಎರಡೂ ಕಡೆ ಒರೆಸಿ, ಕೋಣೆಯ ದೀಪಗಳನ್ನು ಆರಿಸಿ, ಲೆನ್ಸನ್ನು ಗಾಜಿಗೆ ನೇರವಾಗಿ, ತಾಗುವಷ್ಟು ಹತ್ತಿರಕ್ಕೆ ಹಿಡಿಯಿರಿ. ಓರೆಯಾಗಿ ಹಿಡಿದರೆ ಚಿತ್ರ ಮಸುಕಾಗುತ್ತದೆ. ಲೆನ್ಸಿನ ಸುತ್ತ ಕಪ್ಪು ಬಟ್ಟೆಯೊಂದನ್ನು ಸುತ್ತಿ ಗಾಜಿಗೆ ಒತ್ತಿದರೆ ಒಳಗಿನ ಪ್ರತಿಫಲನ ಬಹುಪಾಲು ಮಾಯವಾಗುತ್ತದೆ. ಹಕ್ಕಿಗಳು ಗಾಜಿಗೆ ಡಿಕ್ಕಿ ಹೊಡೆಯುವ ಮನೆಯಾದರೆ ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರಿಗೊಂದರಂತೆ ಸಣ್ಣ ಚುಕ್ಕಿಗಳನ್ನು ಅಂಟಿಸಿ, ಚಿತ್ರ ತೆಗೆಯುವ ಕಿಂಡಿಯಷ್ಟನ್ನು ಬಿಡಿ.

ಈಗ ಕುಳಿತುಕೊಳ್ಳುವ ವಿಚಾರ. ಮೊದಲ ಐದು ನಿಮಿಷ ಕ್ಯಾಮೆರಾ ಎತ್ತಬೇಡಿ. ನೀವು ಬಂದ ಸದ್ದಿಗೆ ಅಡಗಿದ ಜೀವಿಗಳು ಹೊರಬರಲು ಅಷ್ಟು ಹೊತ್ತು ಬೇಕು, ಮನೆಯೊಳಗಿನ ಯೋಚನೆಗಳು ಕಣ್ಣಿನಿಂದ ಇಳಿಯಲೂ ಅಷ್ಟು ಹೊತ್ತು ಬೇಕು. ಕಣ್ಣು ಮೊದಲು ಹಿಡಿಯುವುದು ಚಲನೆಯನ್ನು. ಒಂದು ಎಲೆ ಮಾತ್ರ ಅಲ್ಲಾಡುತ್ತಿದ್ದು ಪಕ್ಕದ ಎಲೆ ಸುಮ್ಮನಿದ್ದರೆ ಅದು ಗಾಳಿಯ ಕೆಲಸವಲ್ಲ, ಅಲ್ಲಿ ಯಾರೋ ಇದ್ದಾರೆ.

ನನ್ನ ಮಟ್ಟಿಗೆ ಆ ‘ಯಾರೋ’ ಬಹಳ ದಿನ ಒಂದು ಜಿಗಿಯುವ ಜೇಡವಾಗಿತ್ತು. ನೀರಿನ ಕೊಳಾಯಿಯ ಮೇಲೆ, ಬಿಸಿಲು ಮೊದಲು ಬೀಳುವ ಗೇಣುದ್ದದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಗಾತ್ರದ ಆ ಜೀವಿ ಬೆಳಿಗ್ಗೆ ಮೈಕಾಯಿಸಲು ಬರುತ್ತಿತ್ತು. ಈ ಜೇಡಗಳು ಬೇಟೆಗಾಗಿ ಬಲೆ ನೇಯುವುದಿಲ್ಲ, ನೋಡಿ, ಅಳೆದು, ಜಿಗಿಯುತ್ತವೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಮೊಬೈಲನ್ನು ಹತ್ತಿರ ತಂದರೆ ಓಡಿಹೋಗುವ ಬದಲು ಅದು ಇಡೀ ಮೈಯನ್ನು ತಿರುಗಿಸಿ ಲೆನ್ಸನ್ನೇ ದಿಟ್ಟಿಸುತ್ತಿತ್ತು, ಮುಂಗಾಲುಗಳನ್ನು ಎತ್ತಿ ಒಮ್ಮೆ ಮುಖ ಒರೆಸಿಕೊಂಡು ಮತ್ತೆ ದಿಟ್ಟಿಸುತ್ತಿತ್ತು. ಹೀಗೆ ನಮ್ಮತ್ತ ತಿರುಗಿ ನೋಡುವ ಜೀವಿ ಇನ್ನೊಂದು ಸಿಗುವುದು ಕಷ್ಟ, ಆದ್ದರಿಂದ ಹೊಸಬರು ಇದರಿಂದಲೇ ಶುರುಮಾಡಲಿ ಎನ್ನುತ್ತೇನೆ. ತೆಗೆಯುವ ಕ್ರಮ ಹೀಗೆ: ನಿಮ್ಮ ನೆರಳು ಜೇಡದ ಮೇಲೆ ಬೀಳದ ಕಡೆಯಿಂದ, ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ, ನಿಧಾನವಾಗಿ ಹತ್ತಿರ ಹೋಗಿ. ಇಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರಿಗೆ ಇಳಿಯುವುದರಿಂದ ಕ್ಯಾಮೆರಾದ ಫೋಕಸ್ ಹಿಂದೆ ಮುಂದೆ ಅಲೆಯುತ್ತದೆ. ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿಹಿಡಿದು ಫೋಕಸ್ ಕಟ್ಟಿಹಾಕಿ, ಕ್ಯಾಮೆರಾದಲ್ಲಾದರೆ ಕೈಯಿಂದ ಫೋಕಸ್ ಮಾಡುವ ಕ್ರಮಕ್ಕೆ ಬಂದು ಅಪರ್ಚರನ್ನು ಕಿರಿದಾಗಿಸಿ ಎಫ್/8ರಿಂದ ಎಫ್/11ರ ನಡುವೆ ಇಡಿ. ಆಮೇಲೆ ಲೆನ್ಸನ್ನು ಮುಟ್ಟದೆ ನಿಮ್ಮ ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲಿಸಿ. ಕಣ್ಣುಗಳು ಹೊಳೆದ ಗಳಿಗೆಯಲ್ಲಿ ಒತ್ತಿ.

ಒತ್ತುವುದು ಉಸಿರು ಹೊರಗೆ ಬಿಟ್ಟು ಮುಗಿದಾಗ. ಉಸಿರು ಒಳಗೆ ಹೋಗುವಾಗ ಭುಜ ಏರುತ್ತದೆ, ಪೂರ್ತಿ ಬಿಟ್ಟ ಮೇಲೆ ಒಂದು ಗಳಿಗೆ ಮೈ ತಾನಾಗಿ ನಿಶ್ಚಲವಾಗುತ್ತದೆ. ಹತ್ತು ಚಿತ್ರಗಳೆಂದರೆ ಹತ್ತು ದೀರ್ಘ ಉಸಿರು. ರಾತ್ರಿಯೆಲ್ಲ ಎದೆ ಬಿಗಿಹಿಡಿದು ಕುಳಿತವರಿಗೆ ಇದರ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೀಟಗಳ ವಿಷಯದಲ್ಲಿ ಬೆಳಗಿನ ತಂಪು ನಿಮ್ಮ ಪರವಾಗಿರುತ್ತದೆ. ಚಿಟ್ಟೆಗಳ ಮೈ ಬಿಸಿಲಿನಿಂದ ಕಾಯುವವರೆಗೆ ಅವು ಚೆನ್ನಾಗಿ ಹಾರಲಾರವು. ಸೂರ್ಯ ಏರಿದ ಮೇಲೆ ಅಟ್ಟಿಸಿಕೊಂಡು ಹೋದರೂ ಸಿಗದ ಚಿಟ್ಟೆ, ಮುಂಜಾನೆ ರೆಕ್ಕೆ ಬಿಚ್ಚಿ ಎಲೆಯ ಮೇಲೆ ಕುಳಿತೇ ಇರುತ್ತದೆ. ರೆಕ್ಕೆಯ ಇಡೀ ಹರಹು ಸ್ಪಷ್ಟವಾಗಬೇಕಾದರೆ ಕ್ಯಾಮೆರಾದ ಹಿಂಬದಿಯನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಡ್ರ್ಯಾಗನ್‌ಫ್ಲೈ ಹಾರಿಹೋದರೆ ಹಿಂಬಾಲಿಸಬೇಡಿ. ಅವುಗಳಲ್ಲಿ ಬಹಳಷ್ಟು ಜಾತಿಗಳು ಬೇಟೆಯಾಡಿ ಅದೇ ಕಡ್ಡಿಯ ತುದಿಗೆ ಮರಳುತ್ತವೆ, ಕಾದರೆ ಸಾಕು.

ಹಕ್ಕಿ ಮತ್ತು ಅಳಿಲುಗಳ ಚಿತ್ರ ಚೆನ್ನಾಗಿ ಬರುವುದು ಅವುಗಳ ಮುಂದಿನ ನಡೆ ನಮಗೆ ತಿಳಿದಾಗ. ಹಾರುವ ಮುನ್ನ ಹಕ್ಕಿ ಕಾಲು ಮಡಚಿ ಮೈ ಮುಂದಕ್ಕೆ ಬಾಗಿಸುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿಯೇ ಏಳುತ್ತದೆ. ರೆಕ್ಕೆ ಬಿಚ್ಚಿದ ಚಿತ್ರ ಬೇಕಿದ್ದರೆ ಆಗಲೇ ಒತ್ತಲು ಶುರುಮಾಡಬೇಕು. ಸ್ನಾನ ಮಾಡಿದ ಗುಬ್ಬಚ್ಚಿ ಕೊಂಬೆಗೆ ಬಂದು ಮೈ ಕೊಡವಿಕೊಳ್ಳುತ್ತದೆ, ಹನಿಗಳು ಚಿಮ್ಮುವ ಆ ಚಿತ್ರಕ್ಕೆ 1/2000 ಸೆಕೆಂಡಿನ ವೇಗ ಬೇಕು. ಅಳಿಲು ಬಾಲವನ್ನು ಪಟಪಟನೆ ಬಡಿಯತೊಡಗಿದರೆ ಅದು ಬೆದರಿದೆ ಎಂದರ್ಥ, ನೀವು ಹಿಂದೆ ಸರಿಯಬೇಕು. ಅದು ಹಿಂಗಾಲಿನ ಮೇಲೆ ಕುಳಿತು ಎರಡೂ ಕೈಗಳಲ್ಲಿ ಹಿಡಿದು ತಿನ್ನುತ್ತಿದ್ದರೆ ನಿಮ್ಮನ್ನು ಒಪ್ಪಿಕೊಂಡಿದೆ. ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಲಿ, ಅದರಲ್ಲೂ ನಿಮಗೆ ಹತ್ತಿರವಿರುವ ಕಣ್ಣಿನ ಮೇಲೆ.

ಬೆಳಕನ್ನು ಅಳೆಯುವಾಗ ಕ್ಯಾಮೆರಾ ಮೋಸಹೋಗುವ ಎರಡು ಸಂದರ್ಭಗಳನ್ನು ನೆನಪಿಟ್ಟುಕೊಂಡರೆ ಸಾಕು. ಬಿಳಿ ಆಕಾಶದ ಎದುರು ಕುಳಿತ ಕಾಗೆ ಬರಿಯ ಕಪ್ಪು ಆಕೃತಿಯಾಗುತ್ತದೆ, ಆಗ ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು +1ಕ್ಕೆ ಏರಿಸಿ. ಕಡುಹಸಿರು ಎಲೆಗಳ ನಡುವಿನ ಬಿಳಿ ಚಿಟ್ಟೆ ಬೆಳ್ಳಗೆ ಸುಟ್ಟುಹೋಗಿ ರೆಕ್ಕೆಯ ಗೆರೆಗಳೇ ಅಳಿಸುತ್ತವೆ, ಆಗ ಒಂದಷ್ಟು ಇಳಿಸಿ.

ಮಾಡಬಾರದ್ದನ್ನೂ ಹೇಳಬೇಕು, ಏಕೆಂದರೆ ನಾವು ನೊಂದಿದ್ದೇವೆ ಎಂಬುದು ಇನ್ನೊಂದು ಜೀವಕ್ಕೆ ತೊಂದರೆ ಕೊಡಲು ಪರವಾನಗಿಯಲ್ಲ. ಗೂಡಿನ ಸುತ್ತಲಿನ ಎಲೆಗಳನ್ನು ಕತ್ತರಿಸಿದರೆ ಮರಿಗಳು ಬಿಸಿಲಿಗೂ ಬೇಟೆಗಾರರ ಕಣ್ಣಿಗೂ ತೆರೆದುಕೊಳ್ಳುತ್ತವೆ. ತಾಯಿಹಕ್ಕಿ ಬಾಯಲ್ಲಿ ಹುಳ ಹಿಡಿದು ದೂರದಲ್ಲೇ ಕೂಗುತ್ತ ಕುಳಿತಿದ್ದರೆ ನೀವು ತೀರ ಹತ್ತಿರ ಬಂದಿದ್ದೀರಿ. ಮೊಬೈಲಿನಿಂದ ಹಕ್ಕಿಯ ಕೂಗು ನುಡಿಸಿ ಕರೆಯಬೇಡಿ, ಮರಿಗಳ ಮೇಲೆ ಫ್ಲ್ಯಾಶ್ ಹಾಯಿಸಬೇಡಿ, ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವ ಕೆಲಸಕ್ಕೆ ಎಂದೂ ಹೋಗಬೇಡಿ. ಗರಿ ಬಂದು ಕುಪ್ಪಳಿಸುತ್ತಿರುವ ಮರಿ ನೆಲದ ಮೇಲೆ ಕಂಡರೆ ಸಾಮಾನ್ಯವಾಗಿ ಅದು ಅನಾಥವಲ್ಲ, ಹಾರಲು ಕಲಿಯುತ್ತಿರುತ್ತದೆ. ಬೆಕ್ಕು ನಾಯಿಗಳನ್ನು ದೂರವಿಟ್ಟು ನೀವೂ ದೂರ ಸರಿದರೆ ತಾಯಿತಂದೆ ಉಣಿಸಲು ಬರುತ್ತವೆ.

ಹಿತ್ತಲಿನಲ್ಲಿ ಸಾವೂ ಇದೆ. ಕಣಜವೊಂದು ಮರಗಟ್ಟಿದ ಜೇಡವನ್ನು ಎಳೆದೊಯ್ಯುವುದನ್ನೋ, ನಿನ್ನೆ ಮೂರು ಮರಿಗಳಿದ್ದ ಗೂಡು ಇಂದು ಖಾಲಿಯಾಗಿರುವುದನ್ನೋ ಒಂದು ದಿನ ನೋಡುತ್ತೀರಿ. ಬೇರೆ ಸಮಯದಲ್ಲಾದರೆ ಪ್ರಕೃತಿಯ ನಿಯಮವೆಂದು ಮುಂದೆ ಹೋಗುತ್ತಿದ್ದ ನಮಗೆ ಇಂಥ ದಿನಗಳಲ್ಲಿ ಅದು ಎದೆಗೆ ನಾಟುತ್ತದೆ. ಚಿತ್ರ ತೆಗೆಯಲೇಬೇಕೆಂಬ ಕಟ್ಟಳೆಯಿಲ್ಲ. ಕ್ಯಾಮೆರಾ ಗೂಟಕ್ಕೆ ಹಾಕಿ ಒಳಗೆ ಬನ್ನಿ. ಒಂದು ವಾರ ಬಿಟ್ಟು ಹೋದರೂ ಕುರ್ಚಿ ಅಲ್ಲೇ ಇರುತ್ತದೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದೇ ಇದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಮೊದಲು ಹಿಡಿಸುತ್ತಿದ್ದ ಯಾವುದೂ ಹಿಡಿಸದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯದೆ ನಂಬಿಕೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ. ಹಿತ್ತಲು ಜೊತೆಗಿರಬಲ್ಲದು, ಚಿಕಿತ್ಸೆಯ ಜಾಗವನ್ನು ತುಂಬಲಾರದು.

ಚಿತ್ರಗಳನ್ನು ನೋಡಿ ಆರಿಸುವ ಕೆಲಸವನ್ನು ತೆಗೆದ ದಿನವೇ ಮಾಡಬೇಡಿ. ಕುಗ್ಗಿದ ಮನಸ್ಸು ತನ್ನ ಕೈಯಿಂದ ಆದದ್ದನ್ನೆಲ್ಲ ಕಳಪೆಯೆಂದೇ ಕಾಣುತ್ತದೆ ಮತ್ತು ಅಳಿಸುವ ಗುಂಡಿ ಬೆರಳಿಗೆ ತೀರ ಹತ್ತಿರವಿರುತ್ತದೆ. ನಾನು ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೆ: ತಿಂಗಳು ಕಳೆಯದೆ ಯಾವ ಚಿತ್ರವನ್ನೂ ಅಳಿಸುವಂತಿಲ್ಲ. ವಾರಕ್ಕೊಮ್ಮೆ ಕಾರ್ಡಿನಲ್ಲಿರುವುದನ್ನೆಲ್ಲ ತಿಂಗಳ ಹೆಸರಿನ ಫೋಲ್ಡರಿಗೆ ಹಾಕುವುದು, ಪುಟ್ಟ ನೋಟುಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯುವುದು, ಅಷ್ಟೇ. ‘ಜೇಡ ಬಂದಿಲ್ಲ, ಮೋಡ’ ಎಂಬುದೂ ಒಂದು ಸಾಲೇ. ಹೆಸರು ತಿಳಿಯದ ಹುಳಗಳಿಗೆ ತಾತ್ಕಾಲಿಕವಾಗಿ ನಿಮ್ಮದೇ ಹೆಸರು ಕೊಟ್ಟುಕೊಳ್ಳಿ. ಚೈತನ್ಯ ಬಂದಾಗ ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಚಿತ್ರ ಹಾಕಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ. ಅಲ್ಲಿ ಮನೆಯ ನಿಖರ ಸ್ಥಳ ಕಾಣದಂತೆ ಮರೆಮಾಡುವ ಆಯ್ಕೆಯಿದೆ, ಮರೆಯದೆ ಬಳಸಿಕೊಳ್ಳಿ.

ಇನ್ನೊಂದು ಮಾತು: ಕ್ಯಾಮೆರಾದ ಗಡಿಯಾರ ಮತ್ತು ತಾರೀಖು ಸರಿಯಾಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಚಿತ್ರದೊಳಗೆ ಆ ಸಮಯವೂ ಸೇರಿ ಉಳಿಯುತ್ತದೆ, ಮುಂದೆ ಅದು ಬೇಕಾಗುತ್ತದೆ. ತಂದೆಯವರು ತೀರಿಕೊಂಡ ದಿನದ್ದು ನನ್ನಲ್ಲಿ ಒಂದೇ ಚಿತ್ರವಿದೆ. ಬೆಳಿಗ್ಗೆ 6 ಗಂಟೆ 52 ನಿಮಿಷಕ್ಕೆ ತೆಗೆದದ್ದು. ಒಣ ಕೊಂಬೆಯ ಮೇಲಿನ ಗುಬ್ಬಚ್ಚಿ, ಫೋಕಸ್ ಗುಬ್ಬಚ್ಚಿಯನ್ನು ಬಿಟ್ಟು ಹಿಂದಿನ ತೊಗಟೆಯ ಮೇಲೆ ಕುಳಿತಿದೆ. ಆ ಹೊತ್ತಿಗೆ ಅವರು ಒಳಗೆ ಉಸಿರಾಡುತ್ತಿದ್ದರು, ಕಿಟಕಿ ತೆರೆದಿತ್ತು. ಅಂದೇ ಆರಿಸಲು ಕುಳಿತಿದ್ದರೆ ಅದನ್ನು ಅಳಿಸಿಬಿಡುತ್ತಿದ್ದೆ. ಆ ತಿಂಗಳ ಫೋಲ್ಡರನ್ನು ತೆರೆಯಲು ನನಗೆ ಒಂದು ವರ್ಷ ಬೇಕಾಯಿತು, ನಿಮಗೆ ಹೆಚ್ಚೇ ಬೇಕಾಗಬಹುದು. ಅಲ್ಲಿಯವರೆಗೆ ಅದರ ಎರಡು ಪ್ರತಿಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟಿರಿ, ಒಂದನ್ನು ಮನೆಯ ಹೊರಗೆ ಬೇರೆಯವರ ಬಳಿ ಇಡಿ.